ಸರ್ವ್‌ಗೆ ಮುಂಚೆ ಒಂದು ನೋಟ

ತಗಡಿನ ಸೂರಿನ ಆ ಹಳೇ ಗೋದಾಮನ್ನು ಎಲ್ಲರೂ ಶೆಡ್ಡು ಅಂತಲೇ ಕರೆಯುತ್ತಿದ್ದರು. ಒಳಗೆ ಎರಡು ಬ್ಯಾಡ್ಮಿಂಟನ್ ಕೋರ್ಟು, ಗೋಡೆಯುದ್ದಕ್ಕೂ ಮರದ ಬೆಂಚು, ಮೂಲೆಯಲ್ಲಿ ಬಕೆಟ್ಟುಗಟ್ಟಲೆ ಹಳೇ ಶಟಲ್ಲು. ಅಲ್ಲಿ ಮಕ್ಕಳಿಗೆ ಆಟ ಕಲಿಸುವವರು ಇಬ್ಬರು. ಸ್ಮ್ಯಾಷು, ಡ್ರಾಪು, ಕಾಲಿನ ಓಟ, ಅಂದರೆ ಬೆಂಚಿನ ಮೇಲೆ ಕೂತ ತಂದೆತಾಯಿ ಚಪ್ಪಾಳೆ ತಟ್ಟುವಂಥದ್ದೆಲ್ಲ ದೊಡ್ಡ ಸಾರ್ ಪಾಲು. ಉಳಿದದ್ದು ಸರ್ವು. ಅದು ಇನ್ನೊಬ್ಬನ ಪಾಲು.

ಸರ್ವ್ ಕಲಿಸುವುದು ಸಭೆಯಲ್ಲಿ ಮೈಕು ಸರಿಮಾಡುವವನ ಕೆಲಸವಿದ್ದ ಹಾಗೆ. ಅವನಿಲ್ಲದೆ ಭಾಷಣ ಶುರುವಾಗುವುದಿಲ್ಲ, ಅವನನ್ನು ಯಾರೂ ವೇದಿಕೆಗೆ ಕರೆಯುವುದೂ ಇಲ್ಲ. ಇದು ಅವನದೇ ಮಾತು. ತನ್ನ ಬಗ್ಗೆ ಬೇರೆಯವರು ಏನಾದರೂ ಹೇಳುವ ಮುಂಚೆ ತಾನೇ ಹೇಳಿ ಮುಗಿಸಿಬಿಡುವುದು ಅವನ ಅಭ್ಯಾಸ. ಬೇರೆಯವರು ಹೇಳುವುದೇ ಕಡಿಮೆ ಅನ್ನುವುದು ಬೇರೆ ವಿಷಯ.

ಮಕ್ಕಳ ಬಾಯಲ್ಲಿ ಅವನು ಸರ್ವ್ ಸಾರ್. ಇನ್ನೂ ಮೂವತ್ತು ದಾಟದವನಿಗೆ ಸಾರ್ ಅನ್ನಿಸಿಕೊಳ್ಳುವುದು ಮೊದಮೊದಲು ಅಪ್ಪನ ಅಂಗಿ ಹಾಕಿಕೊಂಡ ಹಾಗಿತ್ತು. ಆಮೇಲೆ ಅಂಗಿ ಮೈಗೆ ಸರಿಹೋಯಿತು. ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದು ನೆಲ ಒರೆಸಿ, ಜೋತುಬಿದ್ದ ನೆಟ್ಟು ಬಿಗಿಯುತ್ತಿದ್ದ. ಮಧ್ಯಾಹ್ನವೆಲ್ಲ ಬಲೆ ಹರಿದ ರಾಕೆಟ್ಟುಗಳಿಗೆ ಹೊಸ ಗಟ್ ಹಾಕುತ್ತ ಕೂರುತ್ತಿದ್ದ. ಸಂಜೆ ಒಂದು ಗಂಟೆ ಮಾತ್ರ ಮಕ್ಕಳು ಅವನವರು. ದಿನದ ಉಳಿದ ಹೊತ್ತಿನಲ್ಲಿ ಅವನ ಜೊತೆ ಮಾತಾಡುತ್ತಿದ್ದದ್ದು ಗಟ್ ಬಿಗಿಯುವ ಯಂತ್ರವೊಂದೇ, ಅದೂ ಎಣ್ಣೆ ಕಡಿಮೆಯಾದಾಗ.

ವಾಸ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಹೊಲಿಗೆಯಂತ್ರ ಓಡಿದರೆ ಮೇಲೆ ಇವನ ಮಂಚ ಸಣ್ಣಗೆ ನಡುಗುತ್ತಿತ್ತು. ಮುದುಕ ಟೈಲರ್ ಯಾವಾಗಲಾದರೂ ತಲೆ ಎತ್ತಿ, "ಊಟ ಆಯ್ತೇನಪ್ಪ?" ಅನ್ನುವರು. ಉತ್ತರ ಬರುವಷ್ಟರಲ್ಲಿ ಯಂತ್ರ ಮತ್ತೆ ಓಡುತ್ತಿರುತ್ತಿತ್ತು. ಸರ್ವ್ ಸಾರ್ ಆದರೂ ಉತ್ತರ ಹೇಳಿಯೇ ಮೆಟ್ಟಿಲು ಹತ್ತುತ್ತಿದ್ದ.

ಆ ಟೈಲರ್ ಕೊಟ್ಟ ಕೆಂಪು ದಾರವೇ ಅವನ ವಿದ್ಯೆಗೆಲ್ಲ ಬಂಡವಾಳ. ನೆಟ್ಟಿನ ಎರಡೂ ಕಂಬಕ್ಕೆ ಕೋಲು ಕಟ್ಟಿ, ನೆಟ್ಟಿನ ಬಿಳಿ ಪಟ್ಟಿಯಿಂದ ಒಂದು ಗೇಣು ಮೇಲಕ್ಕೆ ಆ ದಾರವನ್ನು ಎಳೆದು ಬಿಗಿಯುತ್ತಿದ್ದ. ಶಟಲ್ ಪಟ್ಟಿಗೂ ದಾರಕ್ಕೂ ನಡುವಿನ ಸಂದಿಯಲ್ಲಿ ನುಸುಳಿ ಹೋಗಬೇಕು. ದಾರದ ಮೇಲೆ ಹಾರಿದರೆ ಎದುರಿನವರು ಅದನ್ನು ತಲೆಯ ಮೇಲೆ ಹೊಡೆದು ಕಳಿಸುತ್ತಾರೆ. ಪಟ್ಟಿಗೆ ತಗುಲಿದರೆ ಪಾಯಿಂಟು ಹೋಯಿತು. ಮಕ್ಕಳು ಸಾಲಾಗಿ ನಿಂತು, ರೆಕ್ಕೆ ಮುರಿದ ಶಟಲ್ಲುಗಳ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಒಂದಾದ ಮೇಲೊಂದು ನೂಕುವುದು. ಬಕೆಟ್ಟು ಖಾಲಿಯಾದರೆ ಆ ಕಡೆ ಹೋಗಿ ಆರಿಸಿ ತರುವುದು. ಸರ್ವ್ ಸಾರ್ ಹೇಳುತ್ತಿದ್ದದ್ದು ಒಂದೇ ಮಾತು: "ಮತ್ತೆ."

ಒಳ್ಳೆಯ ಸರ್ವಿಗೂ ಮತ್ತೆ, ಕೆಟ್ಟದ್ದಕ್ಕೂ ಮತ್ತೆ. ಭಾನುವಾರ ಅಕ್ಕ ಫೋನ್ ಮಾಡಿದಾಗ ಇದು ತಮಾಷೆಗೆ ಬರುತ್ತಿತ್ತು.

"ಈ ವಾರ ಯಾರ ಹತ್ರ ಮಾತಾಡ್ದೆ?"

"ಮಕ್ಕಳ ಹತ್ರ."

"ಏನಂತ?"

"ಮತ್ತೆ ಅಂತ."

"ಆಮೇಲೆ?"

"ಆಮೇಲೂ ಅದೇ."

"ನಿನ್ನ ಕಟ್ಕೊಳ್ಳೋಳಿಗೆ ಜಗಳದ ಭಯ ಇಲ್ಲ ಬಿಡು," ಅಕ್ಕ ನಗುತ್ತಿದ್ದಳು. ನಕ್ಕಮೇಲೆ ಕೇಳುತ್ತಿದ್ದಳು: "ಉದ್ದ ಫೋನ್ ಮಾಡಿದ್ನಾ?"

"ಬಿಜಿ ಇರ್ತಾನೆ ಕಣೇ."

ಉದ್ದ ಅಂದರೆ ಸರ್ವ್ ಸಾರ್‌ನ ಜೋಡಿ. ಶಾಲೆಯ ಕಾಲದಿಂದ ಇಬ್ಬರೂ ಡಬಲ್ಸ್ ಆಡುತ್ತ ಬಂದವರು. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರದವನಿಗೆ ಬೇರೆ ಹೆಸರು ಯಾಕೆ ಬೇಕು? ಉದ್ದನ ಸ್ಮ್ಯಾಷು ಬಿದ್ದರೆ ಎದುರಿನವರು ಶಟಲ್ ಹುಡುಕುತ್ತಿದ್ದರು. ಇವನ ಸ್ಮ್ಯಾಷನ್ನು ಒಂದು ನೊಣ ಕೂಡ ವಾಪಸ್ ಕಳಿಸಬಹುದಿತ್ತು. ಆದರೆ ಸರ್ವ್ ಅಂದರೆ ಇವನದು. ಸೂಜಿಯ ಕಣ್ಣಿಗೆ ದಾರ ಪೋಣಿಸಿದ ಹಾಗೆ ನೆಟ್ಟಿನ ಮೇಲೆ ಸವರಿಕೊಂಡು ಹೋಗುತ್ತಿತ್ತು. ಇವನು ಮುಂದೆ ನಿಂತು ಸರ್ವ್ ಮಾಡುವುದು, ಉದ್ದ ಹಿಂದೆ ನಿಂತು ಮುಗಿಸುವುದು, ಹೀಗೆ ಎಷ್ಟೋ ವರ್ಷ ನಡೆಯಿತು.

ಅದರಲ್ಲಿ ಇವನಿಗೆ ತುಂಬ ಇಷ್ಟವಾದದ್ದು ಸರ್ವಿಗೂ ಮುಂಚಿನ ಒಂದು ಗಳಿಗೆ. ಕಾಲು ಊರಿ, ಶಟಲ್ ಹಿಡಿದು, ಎಡಗಡೆಯ ಹೆಗಲ ಮೇಲಿಂದ ಹಿಂದಕ್ಕೆ ಒಮ್ಮೆ ನೋಡುತ್ತಿದ್ದ. ಉದ್ದ ಸಣ್ಣಗೆ ತಲೆಯಾಡಿಸುತ್ತಿದ್ದ. ನಾನಿದ್ದೀನಿ, ಹಾಕು ಅಂದ ಹಾಗೆ. ಇವನು ಮುಂದೆ ತಿರುಗಿ ಹಾಕುತ್ತಿದ್ದ. ಆ ತಲೆಯಾಡಿಸುವಿಕೆಯ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ. ಆಡಬೇಕಾದ ಮಾತೂ ಅಲ್ಲ ಅದು ಅಂತ ಇವನ ಎಣಿಕೆ.

ಆಮೇಲೆ ಒಂದು ದೊಡ್ಡ ಆಫೀಸಿನವರು ತಮ್ಮ ತಂಡಕ್ಕೆ ಉದ್ದನನ್ನು ಕರೆದರು. ಕೆಲಸವೂ ಕೊಟ್ಟರು, ಬೇರೆ ಜೋಡಿಯೂ ಕೊಟ್ಟರು. ಜಗಳವಿಲ್ಲ, ಮನಸ್ತಾಪವಿಲ್ಲ. "ಹೋಗ್ಬರ್ತೀನಿ ಕಣೋ," ಅಂದ, ಹೋದ. ಬರುವುದೊಂದು ಬಾಕಿ ಉಳಿಯಿತು. ಮೊದಲು ವಾರಕ್ಕೊಂದು ಫೋನು, ಆಮೇಲೆ ಹುಟ್ಟುಹಬ್ಬಕ್ಕೊಂದು, ಆಮೇಲೆ ಇವನು ಮಾಡಿದರೆ ಮಾತ್ರ.

ಇತ್ತ ಶೆಡ್ಡಿನ ಮಕ್ಕಳ ಸರ್ವು ಮಾತ್ರ ದಿನದಿನಕ್ಕೆ ಹದವಾಯಿತು. ಅವರಲ್ಲಿ ಗುಬ್ಬಿ ಅಂತ ಕರೆಯುವ ಹುಡುಗಿ ಎಲ್ಲರಿಗಿಂತ ಮುಂದೆ. ಹೆಸರಿಗೆ ತಕ್ಕ ಮೈಕಟ್ಟು. ರಾಕೆಟ್ಟಿನ ಹಿಂದೆ ನಿಂತರೆ ರಾಕೆಟ್ಟೇ ಕಾಣುತ್ತಿತ್ತು. ಅವಳ ತಾಯಿ ಬಸ್ ಕಂಡಕ್ಟರ್. ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಬೆಂಚಿನ ತುದಿಯಲ್ಲಿ ಕೂತು, "ಒಳಗ್ ಬಾ, ಒಳಗ್ ಬಾ, ಬಾಗಿಲಲ್ಲಿ ನಿಲ್ಬೇಡ," ಅಂತ ಮಗಳನ್ನು ನೆಟ್ಟಿನ ಹತ್ತಿರಕ್ಕೆ ಕೂಗುವವರು. ಗುಬ್ಬಿ ಒಂದು ಬಕೆಟ್ಟು ಪೂರ್ತಿ ದಾರದ ಕೆಳಗೆ ನುಸುಳಿಸಿದ ದಿನ ಸರ್ವ್ ಸಾರ್ "ಮತ್ತೆ" ಅನ್ನುವುದನ್ನೇ ಮರೆತ. ಆ ದಿನ ಕೋಣೆಗೆ ಹೋಗಿ ಯಾರಿಗಾದರೂ ಹೇಳಬೇಕೆನಿಸಿ, ಫೋನು ತೆಗೆದು, ಪಟ್ಟಿ ಮೇಲಿಂದ ಕೆಳಗೆ ನೋಡಿ, ಕೊನೆಗೆ ಕೆಳಗಿಳಿದು ಟೈಲರ್‌ಗೆ ಹೇಳಿದ. "ನಮ್ಮ ದಾರ ಗಟ್ಟಿ ಕಣಪ್ಪ," ಅಂದರು ಅವರು.

ಪಕ್ಕದ ಊರಿನ ಕ್ಲಬ್ಬಿನ ಮಕ್ಕಳ ಜೊತೆ ಮ್ಯಾಚು ಗೊತ್ತಾದಾಗ ಸರ್ವ್ ಸಾರ್‌ಗೆ ಒಳಗೊಳಗೇ ಹೆಮ್ಮೆ. ಗೆದ್ದರೆ ದೊಡ್ಡ ಸಾರ್ ಸ್ಮ್ಯಾಷಿಗೆ ಹೆಸರು. ಆದರೂ ಪ್ರತಿ ಪಾಯಿಂಟು ಶುರುವಾಗುವುದು ತನ್ನ ಕೈಯಿಂದ ತಾನೇ ಅಂದುಕೊಂಡ.

ಶುರುವಾದದ್ದೇನೋ ನಿಜ. ಅಲ್ಲೇ ಮುಗಿದೂ ಹೋಯಿತು ಅನ್ನುವುದೇ ತೊಂದರೆ. ಮಕ್ಕಳ ಸರ್ವು ದಾರ ಕಟ್ಟಿದ್ದಾರೋ ಅನ್ನುವಷ್ಟು ತಗ್ಗಿನಲ್ಲಿ ಹೋಗುತ್ತಿತ್ತು. ಎದುರಿನ ಮಕ್ಕಳು ಅದು ಬರುವ ಗಳಿಗೆ ಮೊದಲೇ ಗೊತ್ತಿದ್ದವರ ಹಾಗೆ ಮುನ್ನುಗ್ಗಿ ನೆಟ್ಟಿನ ಮೇಲೇ ತಟ್ಟಿ ಬೀಳಿಸುತ್ತಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಶೆಡ್ಡಿನ ಮಕ್ಕಳೆಲ್ಲ ಒಂದೇ ರೀತಿ ಸೋತರು. ಗುಬ್ಬಿ ಅಳಲಿಲ್ಲ. ಸೋತ ರಾಕೆಟ್ಟನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ಮತ್ತೆ ತೆಗೆದು, ಮತ್ತೆ ಎಳೆದಳು.

ಎದುರು ಕ್ಲಬ್ಬಿನ ಕೋಚ್ ಹೊಟ್ಟೆ ಕುಣಿಸುತ್ತ ಬಂದು ದೊಡ್ಡ ಸಾರ್ ಕೈ ಕುಲುಕಿದರು. "ತಪ್ಪು ತಿಳೀಬೇಡಿ ಸಾರ್, ಒಂದು ಕೇಳ್ತೀನಿ. ನಿಮ್ಮ ಮಕ್ಕಳು ಸರ್ವ್ ಮಾಡೋ ಮುಂಚೆ ಹಿಂದೆ ಯಾರನ್ನ ಹುಡುಕ್ತಾರೆ?"

"ಹಿಂದೆ?"

"ಪ್ರತಿಯೊಬ್ರೂ! ಸಿಂಗಲ್ಸಲ್ಲೂ! ಎಡಗಡೆ ತಿರುಗಿ ನೋಡ್ತಾರೆ, ಮುಂದೆ ತಿರುಗ್ತಾರೆ, ತಕ್ಷಣ ಹಾಕ್ತಾರೆ. ನಮ್ಮ ಮಕ್ಕಳಿಗೆ ಹೇಳ್ದೆ, ಮೂಗು ಮುಂದೆ ಬಂದ ಕೂಡ್ಲೇ ನುಗ್ರೋ ಅಂತ. ಗಂಟೆ ಹೊಡ್ದು ಬಸ್ ಬಿಟ್ಟ ಹಾಗಿತ್ತು!"

ಬೆಂಚಿನಲ್ಲಿದ್ದ ಕಂಡಕ್ಟರಮ್ಮ ಅದನ್ನು ಕೇಳಿಸಿಕೊಂಡರು. "ನಾನು ಹಿಂದೆ ನೋಡೋದು ಯಾರು ಟಿಕೆಟ್ ತಗೊಂಡಿಲ್ಲ ಅಂತ. ನನ್ನ ಮಗಳು ಯಾಕೆ ನೋಡ್ತಾಳೆ?"

ದೊಡ್ಡ ಸಾರ್ ನಿಧಾನವಾಗಿ ಸರ್ವ್ ಸಾರ್ ಕಡೆ ತಿರುಗಿದರು. ಅವರ ಕೈಲಿ ಒಂದು ರಾಕೆಟ್ಟಿತ್ತು. "ಹಿಡಿ. ಒಂದು ಸರ್ವ್ ಹಾಕು."

ಹಿಡಿದ. ಕಾಲೂರಿದ. ಎಡಹೆಗಲ ಮೇಲಿಂದ ಹಿಂದೆ ನೋಡಿದ. ಅಲ್ಲಿ ನೀರಿನ ಡ್ರಮ್ಮೊಂದಿತ್ತು. ತಿರುಗಿ ಹಾಕಿದ. ಸೊಗಸಾದ ಸರ್ವು. ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಒಟ್ಟಿಗೆ ನಗಲು ಶುರುಮಾಡಿ, ದೊಡ್ಡ ಸಾರ್ ಮುಖ ನೋಡಿ ಒಟ್ಟಿಗೆ ನಿಲ್ಲಿಸಿದರು.

ತಾನು ಈಗಲೂ ತಿರುಗುತ್ತೇನೆಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಉದ್ದ ಹೋಗಿ ಅಷ್ಟು ಕಾಲವಾದರೂ ಕುತ್ತಿಗೆಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಮಕ್ಕಳು ಪಾಪ, ಸಾರ್ ಮಾಡಿದ್ದನ್ನೆಲ್ಲ ಮಾಡಿದ್ದರು; ಕಾಲು, ಮಣಿಕಟ್ಟು, ಹೆಬ್ಬೆರಳು, ಹಿಂದಿನ ನೋಟ, ಎಲ್ಲ ಸೇರಿಯೇ ಸರ್ವು ಅಂದುಕೊಂಡಿದ್ದರು. ತಾವಿಬ್ಬರೂ ಎಂದೂ ಸೆಮಿಫೈನಲ್ ದಾಟದೆ ಹೋದದ್ದಕ್ಕೆ ಇವನು ಉದ್ದನ ಮೊಣಕಾಲು, ಗಾಳಿ, ಅಂಪೈರು, ಎಲ್ಲರನ್ನೂ ದೂರಿದ್ದ. ತನ್ನ ಕುತ್ತಿಗೆಯೊಂದನ್ನು ಬಿಟ್ಟು.

"ಮುಂದಿನ ತಿಂಗಳು ಅವರು ನಮ್ಮ ಶೆಡ್ಡಿಗೆ ಬರ್ತಾರೆ," ದೊಡ್ಡ ಸಾರ್ ಅಂದರು. ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು. "ಅಷ್ಟರೊಳಗೆ ಈ ಚಾಳಿ ಬಿಡಿಸು. ಇಲ್ಲಾಂದ್ರೆ ಸರ್ವ್ ಗಂಟೆ ನಾನೇ ತಗೋತೀನಿ. ನೀನು ಗಟ್ ಹಾಕ್ಕೊಂಡಿರು. ಸಂಬಳಕ್ಕೇನೂ ಮೋಸ ಇಲ್ಲ ಕಣಯ್ಯ."

ಸಂಬಳದ ಮಾತಿಗೆ ಅವನು ಹೂಂ ಅಂದ. ಕೋಣೆಗೆ ಹೋಗಿ ಮಂಚದ ಮೇಲೆ ಕೂತಾಗ, ಆ ಒಂದು ಗಂಟೆ ಹೋದರೆ ಬೆಳಗಿಂದ ಸಂಜೆವರೆಗೆ ತನ್ನನ್ನು ಸಾರ್ ಅನ್ನುವವರಿರಲಿ, ಏಯ್ ಅನ್ನುವವರೂ ಇರುವುದಿಲ್ಲ ಅಂತ ಹೊಳೆಯಿತು. ಕೆಳಗೆ ಯಂತ್ರ ಓಡುತ್ತಿತ್ತು, ಮಂಚ ನಡುಗುತ್ತಿತ್ತು.

ಮರುದಿನದಿಂದ ಚಾಳಿ ಬಿಡಿಸುವ ಪಾಠ. "ಹಿಂದೆ ನೋಡ್ಬೇಡಿ," ಅಂದ. ಅಲ್ಲಿವರೆಗೆ ತಿಳಿಯದೆ ನೋಡುತ್ತಿದ್ದ ಮಕ್ಕಳು ಈಗ ತಿಳಿದು ನೋಡತೊಡಗಿದರು. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದ, ಗೋಡೆಯನ್ನೇ ನೋಡಿದರು. ನೋಡಿದವರು ಶಟಲ್ಲೆಲ್ಲ ಆರಿಸಬೇಕು ಅಂತ ದಂಡ ಹಾಕಿದ. ಅದೇ ಅವನಿಗೆ ಮುಳುವಾಯಿತು.

"ಸಾರ್, ನೀವ್ ನೋಡಿದ್ರಿ!"

"ಎಲ್ಲಿ ನೋಡ್ದೆ?"

"ಈಗ್ ನೋಡಿದ್ರಿ! ಆರ್ಸಿ ಸಾರ್, ಆರ್ಸಿ!"

ಒಂದು ವಾರ ಆ ಶೆಡ್ಡಿನ ಶಟಲ್ಲನ್ನೆಲ್ಲ ಸರ್ವ್ ಸಾರ್ ಒಬ್ಬನೇ ಆರಿಸಿದ. ತೋರಿಸಿಕೊಡದೆ ಬಾಯಲ್ಲಷ್ಟೇ ಹೇಳಿ ನೋಡಿದ; ಮಕ್ಕಳಿಗೆ ಬಾಯಿಮಾತು ಹತ್ತಲಿಲ್ಲ. ಬಕೆಟ್ಟು ತುಂಬುತ್ತ ಕುಕ್ಕರಗಾಲಲ್ಲಿ ಕೂತಿದ್ದಾಗ ಗುಬ್ಬಿ ಬಂದು ಪಕ್ಕದಲ್ಲಿ ಕೂತು ತಾನೂ ಆರಿಸತೊಡಗಿದಳು.

"ಸಾರ್, ನೀವು ಯಾರನ್ನ ನೋಡ್ತೀರಿ?"

"ಯಾರೂ ಇಲ್ಲ."

"ಯಾರೂ ಇಲ್ದೆ ಯಾರಾದ್ರೂ ನೋಡ್ತಾರಾ?" ಅವಳು ಒಂದು ಮೋಟು ಶಟಲ್ ಬಕೆಟ್ಟಿಗೆ ಹಾಕಿದಳು. "ನಾನು ನೋಡಿದ್ರೆ ನೀವ್ ಕಾಣ್ತೀರಿ. ನೀವು ತಲೆ ಆಡಿಸ್ತೀರಿ. ಆಮೇಲೇ ನಾನು ಹಾಕೋದು. ಅವತ್ತು ಮ್ಯಾಚಲ್ಲಿ ನೀವು ಆಡಿಸ್ಲಿಲ್ಲ."

ಮಕ್ಕಳ ಹಿಂದೆ ನಿಂತು ತಾನು ತಲೆಯಾಡಿಸುತ್ತಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ. ಇನ್ನು ಏನೇನು ಗೊತ್ತಿಲ್ಲದೆ ಮಾಡುತ್ತೇನೋ ಅಂತ ಭಯವಾಯಿತು.

ಆ ಭಾನುವಾರ ಅಕ್ಕನ ಫೋನು ಇಟ್ಟಮೇಲೆ ಧೈರ್ಯ ಮಾಡಿ ಉದ್ದನಿಗೆ ಫೋನ್ ಮಾಡಿದ. ಉದ್ದನ ಹಿಂದೆ ಗದ್ದಲ, ಯಾರೋ ನಗುತ್ತಿದ್ದರು.

"ಏನೋ, ಬದುಕಿದೀಯಾ!"

"ಇದೀನಿ. ಒಂದು ಕೇಳ್ಬೇಕಿತ್ತು ಕಣೋ. ಆಟದ್ದು."

"ಕೇಳು, ಕೇಳು. ಬೇಗ ಕೇಳು, ಇವ್ರೆಲ್ಲ ಹೊರಟಿದಾರೆ."

"ನಾನು ಸರ್ವ್ ಮಾಡೋ ಮುಂಚೆ ಹಿಂದೆ ತಿರುಗಿ ನಿನ್ನ ನೋಡ್ತಿದ್ನಲ್ಲ, ಅದನ್ನ ಬಿಡೋದು ಹೇಗೆ ಅಂತ."

"ತಿರುಗಿ ನೋಡ್ತಿದ್ಯಾ?"

ಸರ್ವ್ ಸಾರ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಪ್ರತಿ ಸಲ. ನೀನು ತಲೆ ಆಡಿಸ್ತಿದ್ದೆ."

"ನಾನಾ? ಇಲ್ಲಪ್ಪ." ಉದ್ದ ಸ್ವಲ್ಪ ಯೋಚಿಸಿದ. ಯೋಚಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. "ಓ, ಅದಾ! ಬೆವರು ಕಣೋ. ಕಣ್ಣಿಗಿಳೀತಿತ್ತಲ್ಲ, ಕೊಡವ್ತಿದ್ದೆ. ನಾನೆಲ್ಲಿ ನಿನ್ನ ನೋಡ್ಲಿ, ನಾನು ಎದುರಿನವನ ಕಾಲು ನೋಡ್ತಿದ್ದೆ. ಮುಂಗಾಲಿಗೆ ಭಾರ ಬಿತ್ತು ಅಂದ್ರೆ ನುಗ್ತಾನೆ ಅಂತ ಲೆಕ್ಕ. ಯಾಕೆ, ಏನಾಯ್ತು?"

"ಏನಿಲ್ಲ. ಮಕ್ಕಳಿಗೆ ಬೇಕಿತ್ತು."

"ಸರಿ ಹಾಗಾದ್ರೆ, ಸಿಗೋಣ ಕಣೋ."

ಎಲ್ಲಿ, ಯಾವಾಗ ಅಂತ ಇಬ್ಬರೂ ಹೇಳಲಿಲ್ಲ.

ಸರ್ವ್ ಸಾರ್ ಫೋನಿಟ್ಟ. ನಗು ಬರಬೇಕಾದ ವಿಷಯ. ತಾನೇ ಇದನ್ನು ಬೇರೆ ಯಾರ ಬಗ್ಗೆಯೋ ಕೇಳಿದ್ದರೆ ಉರುಳಾಡಿ ನಗುತ್ತಿದ್ದ. ಅಷ್ಟು ವರ್ಷ ಒಬ್ಬನ ಬೆವರಿಗೆ ಋಣಿಯಾಗಿದ್ದವನು ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು. ಮುಖ ತೊಳೆದುಕೊಂಡು ಬಂದು ಶೆಡ್ಡಿನ ಬೀಗದ ಕೈ ತೆಗೆದುಕೊಂಡ. ಕೆಳಗೆ ಟೈಲರ್, "ಊಟ ಆಯ್ತೇನಪ್ಪ?" ಅಂದರು. ಅವತ್ತು ಮೊದಲ ಸಲ ಉತ್ತರ ಹೇಳದೆ ಹೋದ.

ಖಾಲಿ ಶೆಡ್ಡಿನಲ್ಲಿ ದಾರ ಕಟ್ಟಿ ಸರ್ವ್ ಮಾಡಿದ. ಕುತ್ತಿಗೆ ತಿರುಗಿತು. ಈ ಸಲ ಅಲ್ಲಿ ಉದ್ದ ಕಾಣಲಿಲ್ಲ. ಬೆಂಚು ಕಂಡಿತು, ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಒಂದು ಕಾಲುಚೀಲ ಕಂಡಿತು. ಮತ್ತೆ ಅಂದುಕೊಂಡ. ಹಿಂದೆ ನೋಡುವ ಬದಲು ನೆಟ್ಟಿನಾಚೆ, ಎದುರಾಳಿ ನಿಲ್ಲುವ ಕಡೆ ತನ್ನ ಹಳೇ ಬೂಟುಗಳನ್ನು ಜೋಡಿಸಿಟ್ಟು ಅವನ್ನೇ ನೋಡುತ್ತ ಹಾಕಿದ. ಮುಂದಿನ ಬೂಟಿಗೆ ಭಾರ ಬಿತ್ತೋ, ಹಿಂದಿನದಕ್ಕೋ? ಬೂಟು ಏನೂ ಹೇಳಲಿಲ್ಲ. ಆದರೆ ಕುತ್ತಿಗೆಗೆ ಒಂದು ಕೆಲಸ ಸಿಕ್ಕಿತು. ಹೊರಗೆ ಬೆಳಕು ಇಳಿಯುವ ಹೊತ್ತಿಗೆ ಒಂದು ಪೂರ್ತಿ ಬಕೆಟ್ಟು ಹಿಂದೆ ನೋಡದೆ ಮುಗಿಸಿದ. ನೋಡಲಿಲ್ಲ ಅನ್ನುವುದನ್ನು ನೋಡಿದವರು ಯಾರೂ ಇರಲಿಲ್ಲ.

ಸೋಮವಾರ ಮಕ್ಕಳನ್ನು ಕೂರಿಸಿ ಹೇಳಿದ: "ನಾನು ಹಿಂದೆ ಒಬ್ರನ್ನ ನೋಡ್ತಿದ್ದೆ. ಅವ್ರು ನನ್ನ ನೋಡ್ತಿರ್ಲಿಲ್ಲ. ಎದುರಿನವರ ಕಾಲು ನೋಡ್ತಿದ್ರು. ಅವ್ರೇ ಸರಿ. ಇವತ್ತಿಂದ ಎಲ್ಲರೂ ಕಾಲು ನೋಡಿ. ಮುಂಗಾಲಿಗೆ ಭಾರ ಬಿದ್ರೆ ತಡೀರಿ, ಹಿಂದಕ್ಕೆ ಸರಿದ್ರೆ ಹಾಕಿ."

"ನೀವು ಯಾಕೆ ಮೊದ್ಲೇ ಹೇಳ್ಲಿಲ್ಲ ಸಾರ್?" ಗುಬ್ಬಿ ಕೇಳಿದಳು.

"ನನಗೆ ನಿನ್ನೆ ಗೊತ್ತಾಯ್ತು."

ಮಕ್ಕಳಿಗೆ ಅಷ್ಟು ಸಾಕಿತ್ತು. ಒಬ್ಬರು ಸರ್ವ್ ಮಾಡುವುದು, ಎದುರಿಗೊಬ್ಬರು ನಿಂತು ಬೇಕೆಂದೇ ಕಾಲು ಹಿಂದೆಮುಂದೆ ಮಾಡಿ ಆಟವಾಡಿಸುವುದು. ಶೆಡ್ಡು ಗದ್ದಲದಿಂದ ತುಂಬಿತು. ಸರ್ವ್ ಸಾರ್ ಮಾತ್ರ ಮಕ್ಕಳ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟು ನೆಟ್ಟಿನ ಕಂಬದ ಹತ್ತಿರ, ಯಾರ ಕಣ್ಣಿಗೂ ನೇರ ಬೀಳದ ಕಡೆ ನಿಂತು, "ಮತ್ತೆ" ಅನ್ನುತ್ತಿದ್ದ. ದಿನಗಳೆದಂತೆ ತಿರುಗುವ ತಲೆಗಳು ಒಂದೊಂದಾಗಿ ಕಡಿಮೆಯಾದವು. ಗುಬ್ಬಿಯದು ಕೊನೆಯದು.

ತಿಂಗಳು ಕಳೆದು ಪಕ್ಕದ ಊರಿನವರು ಬಂದರು. ಕೋರ್ಟಿನ ತುದಿಯಲ್ಲಿ ಆಟಗಾರರ ಬೆನ್ನಿಗೆ ಕೋಚ್ ಕೂರುವ ಪ್ಲಾಸ್ಟಿಕ್ ಕುರ್ಚಿ. ದೊಡ್ಡ ಸಾರ್ ಅದನ್ನು ತೋರಿಸಿ, "ನೀನೇ ಕೂತ್ಕೋ. ನೋಡೋಣ, ಯಾರು ತಿರುಗ್ತಾರೆ," ಅಂದರು. ಅದು ಮರ್ಯಾದೆಯೋ ಪರೀಕ್ಷೆಯೋ ಗೊತ್ತಾಗದೆ ಕೂತ. ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

ಹುಡುಗರು ಇಬ್ಬರು ಗೆದ್ದರು, ಒಬ್ಬ ಸೋತ. ತಲೆ ಯಾರದೂ ತಿರುಗಲಿಲ್ಲ. ಎದುರು ಕೋಚ್ ಹೊಟ್ಟೆ ಮೊದಲಿನಷ್ಟು ಕುಣಿಯಲಿಲ್ಲ. ಕೊನೆಗೆ ಗುಬ್ಬಿ. ಅವಳ ಮೂರನೇ ಗೇಮು ಬೆಂಚಿನವರನ್ನೆಲ್ಲ ಎಬ್ಬಿಸಿ ನಿಲ್ಲಿಸಿತು. ಇನ್ನೊಂದು ಪಾಯಿಂಟು ಬಂದರೆ ಮ್ಯಾಚು ಅವಳದು, ಸರ್ವೂ ಅವಳದೇ.

ಗುಬ್ಬಿ ಕಾಲೂರಿದಳು. ಶಟಲ್ ಹಿಡಿದಳು. ಎದುರು ಹುಡುಗಿ ಮುಂಗಾಲ ಮೇಲೆ ಬಾಗಿ ನಿಂತಿದ್ದಳು.

ನೋಡಬೇಡ, ನೋಡಬೇಡ ಅಂತ ಸರ್ವ್ ಸಾರ್ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ತನ್ನ ಸಂಜೆಯ ಗಂಟೆ ಆ ಪುಟ್ಟ ಕುತ್ತಿಗೆಯ ಮೇಲೆ ಕೂತಿದೆ ಅಂತ ಗೊತ್ತಿತ್ತು. ಅದೇ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಆಸೆ, ನಾಚಿಕೆಗೇಡಿನದು, ತಲೆ ಎತ್ತಿತು: ಒಂದೇ ಒಂದು ಸಲ ತಿರುಗಲಿ. ನಾನಿಲ್ಲಿದ್ದೀನಿ ಅಂತ ಅವಳಿಗೆ ಕಾಣಲಿ. ಉದ್ದ ಕೊಡದೆ ಹೋದದ್ದನ್ನು ಈ ಸಲ ನಿಜವಾಗಿ ಕೊಡುತ್ತೇನೆ.

ಗುಬ್ಬಿ ಕಾದಳು. ಎದುರಿನ ಕಾಲನ್ನೇ ನೋಡುತ್ತಿದ್ದಳು. ಬಾಗಿ ಬಾಗಿ ಸುಸ್ತಾದ ಆ ಹುಡುಗಿಯ ಹಿಮ್ಮಡಿ ನೆಲಕ್ಕೆ ತಾಗಿದ್ದೇ ತಡ, ಶಟಲ್ಲು ಅವತ್ತು ಕಟ್ಟಿರದ ಕೆಂಪು ದಾರದ ಕೆಳಗೆ ನುಸುಳಿಹೋಗಿ ಗೆರೆಯ ಮೇಲೆ ಕೂತಿತು. ಅವಳ ತಲೆ ಕೂದಲೆಳೆಯಷ್ಟೂ ಹಿಂದಕ್ಕೆ ತಿರುಗಿರಲಿಲ್ಲ.

ಗೆದ್ದವಳು ರಾಕೆಟ್ಟು ಬಿಸಾಕಿ ಬೆಂಚಿನ ಕಡೆ, ಅಮ್ಮನ ಕಡೆ ಓಡಿದಳು. ಮಕ್ಕಳೆಲ್ಲ ಅವಳ ಸುತ್ತ ಸೇರಿದರು. ದೊಡ್ಡ ಸಾರ್ ಕುರ್ಚಿಯ ಪಕ್ಕದಲ್ಲಿ ಹಾದುಹೋಗುತ್ತ, "ಗಂಟೆ ನಿಂದೇ ಕಣಯ್ಯ. ಹೊಸ ಮಕ್ಕಳು ಬರ್ತಿದ್ದಾರೆ, ದಾರ ಇನ್ನೊಂದು ತಗೊಂಡ್ ಬಾ," ಅಂದು ಮುಂದೆ ಹೋದರು.

ಸರ್ವ್ ಸಾರ್ ಕುರ್ಚಿಯಲ್ಲೇ ಕೂತಿದ್ದ. ಗುಬ್ಬಿ ನಿಂತಿದ್ದ ಜಾಗ ಖಾಲಿಯಿತ್ತು. ಅದನ್ನು ನೋಡುತ್ತ ಅವನ ತಲೆ ತಾನಾಗಿಯೇ ಸಣ್ಣಗೆ ಆಡಿತು.

ಮಗಳ ಚೀಲ ಎತ್ತಿಕೊಳ್ಳಲು ಬಂದ ಕಂಡಕ್ಟರಮ್ಮನ ಕಣ್ಣಿಗೆ ಅದು ಬಿತ್ತು. "ಏನ್ ಸಾರ್, ಯಾರಿಗೆ ತಲೆ ಆಡಿಸ್ತಿದ್ದೀರಿ?"

"ಬೆವರಮ್ಮ," ಅಂದ. "ಕಣ್ಣಿಗಿಳೀತು."

"ಕೂತ ಕಡೆ ಎಂಥ ಬೆವರೋ!" ಅವರು ನಕ್ಕು ಚೀಲ ಹೆಗಲಿಗೇರಿಸಿ, "ನಡೀರಿ, ನಡೀರಿ," ಅಂತ ಮಕ್ಕಳನ್ನೆಲ್ಲ ಬಾಗಿಲಿನ ಕಡೆ ಹೊರಡಿಸಿದರು.